ಜಡ್ಜ್‌ಮೆಂಟ್: ಹೇಳಿದಷ್ಟೇ ಹ್ಯಾಂಡ್ ಬರಬೇಕಾದರೆ ಲೆಕ್ಕ ಹಾಕೋದು ಹೇಗೆ?

ಹೊಸಎಲೆ
ಜಡ್ಜ್‌ಮೆಂಟ್ ಕಾರ್ಡ್ ಆಟದ ನಿಯಮಗಳು ಗೊತ್ತಿವೆ, ಬಿಡ್ ಮಾತ್ರ, ಅಂದರೆ ಎಷ್ಟು ಹ್ಯಾಂಡ್ (ಎಲ್ಲರೂ ಒಂದೊಂದು ಎಲೆ ಇಳಿಸಿ ಒಬ್ಬರು ಗೆಲ್ಲುವ ಪಟ್ಟು) ಎತ್ತುತ್ತೇನೆ ಅಂತ ಮೊದಲೇ ಹೇಳೋದು, ಸರಿಹೋಗುತ್ತಿಲ್ಲ. ಆಡುವವರು 4 ಜನ. 10 ಎಲೆಯಿಂದ ಶುರು ಮಾಡಿ ಪ್ರತಿ ಸುತ್ತಿಗೂ ಒಂದೊಂದು ಕಡಿಮೆ ಮಾಡುತ್ತಾ 1 ಎಲೆಗೆ ಇಳಿಯುತ್ತೇವೆ. ತುರುಪು (ಉಳಿದ ಜಾತಿಗಳನ್ನೆಲ್ಲ ಸೋಲಿಸುವ ಜಾತಿ) ಇಸ್ಪೀಟು, ಡೈಮಂಡ್, ಕ್ಲಾವರ್, ಹಾರ್ಟ್ ಹೀಗೆ ಸರದಿಯಲ್ಲಿ ಬದಲಾಗುತ್ತೆ. ಹೇಳಿದಷ್ಟೇ ಹ್ಯಾಂಡ್ ಬಂದರೆ 10 ಜೊತೆಗೆ ಹೇಳಿದ ಸಂಖ್ಯೆ, ಒಂದು ಹೆಚ್ಚಾದರೂ ಕಡಿಮೆಯಾದರೂ ಸೊನ್ನೆ. ಎಲ್ಲರ ಬಿಡ್ ಕೂಡಿಸಿದರೆ ಆ ಸುತ್ತಿನ ಹ್ಯಾಂಡ್‌ಗಳಿಗೆ ಸಮ ಆಗಬಾರದು.
ದೊಡ್ಡ ಸುತ್ತಿನಲ್ಲಿ ಯಾವಾಗಲೂ ಒಂದು ಹ್ಯಾಂಡ್ ಜಾಸ್ತಿ ಬಂದುಬಿಡುತ್ತೆ. 3 ಎಲೆ, 2 ಎಲೆ ಸುತ್ತಿಗೆ ಬಂದರೆ ಬರೀ ಅದೃಷ್ಟ ಅನ್ನಿಸುತ್ತೆ. ಬಿಡ್ ಹೇಳೋಕೆ ಏನಾದರೂ ಸೂತ್ರ ಇದೆಯಾ?

ಗುಲಾಮ_ಗಿರಿ
ಸುಲಭ. ಎಕ್ಕಕ್ಕೆ 1, ರಾಜನಿಗೆ ಅರ್ಧ, ರಾಣಿಗೆ ಕಾಲು. ತುರುಪಿನ ಎಕ್ಕ, ರಾಜ, ರಾಣಿಗೆ ಒಂದೊಂದು, ಸಣ್ಣ ತುರುಪಿಗೆ ಅರ್ಧ. ಕೂಡಿಸಿ, ಹತ್ತಿರದ ಪೂರ್ಣ ಸಂಖ್ಯೆ ಹೇಳಿ. ಅಷ್ಟೇ.

ಲೆಕ್ಕದ_ಮೇಷ್ಟ್ರು
ಗಿರಿಯವರೇ, ಆ ಸೂತ್ರ 10 ಎಲೆಗೂ 4 ಎಲೆಗೂ ಒಂದೇ ಅಂತ ಹಿಡಿದರೆ ಕೆಡುತ್ತೆ. ಸುತ್ತು ಚಿಕ್ಕದಾದ ಹಾಗೆ ಎಲೆಗಳ ಬೆಲೆಯೇ ಬದಲಾಗುತ್ತೆ, ಅದೂ ಎಕ್ಕಕ್ಕೊಂದು ದಿಕ್ಕಿನಲ್ಲಿ, ರಾಜನಿಗೊಂದು ದಿಕ್ಕಿನಲ್ಲಿ.

4 ಜನ, 10 ಎಲೆ. ನಿಮ್ಮ ಹತ್ತಿರ ಹಾರ್ಟ್ ಎಕ್ಕ ಒಂಟಿಯಾಗಿದೆ, ಹಾರ್ಟ್ ತುರುಪಲ್ಲ. ಹಾರ್ಟ್ ಇಲ್ಲದವರು ಮಾತ್ರ ಅದನ್ನು ತುರುಪಿನಿಂದ ಹೊಡೆಯಬಹುದು. ನಿಮಗೆ ಕಾಣದ 42 ಎಲೆಗಳಲ್ಲಿ 12 ಹಾರ್ಟ್. ಎದುರಾಳಿ ಒಬ್ಬರ 10 ಎಲೆಯಲ್ಲಿ ಒಂದೂ ಹಾರ್ಟ್ ಇಲ್ಲದಿರುವ ಸಾಧ್ಯತೆ ಶೇ. 2 ಮಾತ್ರ. ಮೂವರನ್ನೂ ಸೇರಿಸಿದರೆ ಶೇ. 6. ಹಾರ್ಟ್ ಮೊದಲ ಸಲ ಬಿದ್ದಾಗ ಆ ಎಕ್ಕ ಹ್ಯಾಂಡ್ ಎತ್ತೋದು ಬಹುತೇಕ ಖಚಿತ.

ಅದೇ ಎಕ್ಕ 5 ಎಲೆ ಸುತ್ತಿನಲ್ಲಿ ಬಂತು ಅನ್ನಿ. ಈಗ ಕಾಣದ ಎಲೆ 47, ಎದುರಾಳಿಗೆ 5 ಎಲೆ. ಒಬ್ಬರಿಗೆ ಹಾರ್ಟ್ ಖಾಲಿ ಇರುವ ಸಾಧ್ಯತೆ ಶೇ. 21. ಮೂವರಲ್ಲಿ ಒಬ್ಬರಿಗಾದರೂ ಖಾಲಿ ಇರುವುದು ಶೇ. 53. ಖಾಲಿ ಇದ್ದವರ ಹತ್ತಿರ ತುರುಪು ಇರಬೇಕು, ಹೊಡೆಯುವ ಮನಸ್ಸೂ ಇರಬೇಕು ಅನ್ನೋದು ನಿಜ. ಆದರೂ ಅದನ್ನು ಪೂರ್ತಿ 1 ಅಂತ ಎಣಿಸೋಕಾಗಲ್ಲ.

ರಾಜನದು ಉಲ್ಟಾ. ರಾಜನನ್ನು ಮೊದಲು ಕೊಲ್ಲೋದು ಎಕ್ಕ. 10 ಎಲೆ ಸುತ್ತಿನಲ್ಲಿ ಆ ಎಕ್ಕ ಎದುರಾಳಿಗಳ ಹತ್ತಿರ ಇರುವ ಸಾಧ್ಯತೆ 42ರಲ್ಲಿ 30, ಅಂದರೆ ಶೇ. 71. 5 ಎಲೆ ಸುತ್ತಿನಲ್ಲಿ 47ರಲ್ಲಿ 15, ಶೇ. 32. ಉಳಿದ ಸಲ ಎಕ್ಕ ಹಂಚದೆ ಉಳಿದ ಕಟ್ಟಿನಲ್ಲೇ ಮಲಗಿರುತ್ತೆ. ಹಾಗಾಗಿ ಚಿಕ್ಕ ಸುತ್ತಿನಲ್ಲಿ ಎಕ್ಕಕ್ಕೂ ರಾಜನಿಗೂ ಬೆಲೆಯಲ್ಲಿ ದೊಡ್ಡ ಅಂತರ ಇರಲ್ಲ, ಎರಡಕ್ಕೂ ನಿಜವಾದ ಭಯ ತುರುಪಿನದು. ದೊಡ್ಡ ಸುತ್ತಿನಲ್ಲಿ ಅಂತರ ಅಜಗಜಾಂತರ.

ಇನ್ನೊಂದು ಕೈಗೆಟುಕುವ ಲೆಕ್ಕ: 4 ಜನ ಆಡುವಾಗ ತಲೆಗೆ ಎಷ್ಟು ಎಲೆ ಹಂಚಿದ್ದಾರೋ, ಸರಾಸರಿ ಅಷ್ಟೇ ತುರುಪು ಆಟದಲ್ಲಿರುತ್ತೆ. 7 ಎಲೆ ಸುತ್ತಿಗೆ 7 ತುರುಪು, 4 ಎಲೆ ಸುತ್ತಿಗೆ 4. 4 ಎಲೆಯಲ್ಲಿ ನಿಮಗೇ 2 ತುರುಪು ಬಂದಿದ್ದರೆ ಅವು 5ರದ್ದೋ 6ರದ್ದೋ ಆಗಿದ್ದರೂ ಹಗುರವಾಗಿ ನೋಡಬೇಡಿ.

ಹೊಸಎಲೆ
ಇದು ಯೋಚಿಸಿಯೇ ಇರಲಿಲ್ಲ. ಹಾಗಾದರೆ 1 ಎಲೆ ಸುತ್ತಿನಲ್ಲಿ? ನಾನೇ ಮೊದಲು ಇಳಿಸೋದು, ಎಕ್ಕ ಇದೆ, ತುರುಪಲ್ಲ. 1 ಹೇಳಬೇಕು ತಾನೆ?

ಲೆಕ್ಕದ_ಮೇಷ್ಟ್ರು
4 ಜನ ಇದ್ದರೆ 0 ಹೇಳಿ.

ಗುಲಾಮ_ಗಿರಿ
ಎಕ್ಕ ಇಟ್ಟುಕೊಂಡು ಸೊನ್ನೆನಾ ಮೇಷ್ಟ್ರೇ! ಕೇಳಿದವರು ನಗ್ತಾರೆ.

ಲೆಕ್ಕದ_ಮೇಷ್ಟ್ರು
ನಗಲಿ ಬಿಡಿ. ನಿಮ್ಮ ಎಲೆ ಬಿಟ್ಟು ಉಳಿದಿದ್ದು 51, ಅದರಲ್ಲಿ ತುರುಪು 13. ಮೂವರಲ್ಲಿ ಯಾರಿಗೂ ತುರುಪು ಬರದೆ ಇರಬೇಕು: 38/51 × 37/50 × 36/49. ಬರುವ ಉತ್ತರ 0.405. ಅಂದರೆ 100ರಲ್ಲಿ 60 ಸಲ ಆ ಎಕ್ಕ ಸೋಲುತ್ತೆ. ಮೂರೇ ಜನ ಆಡುತ್ತಿದ್ದರೆ 38/51 × 37/50 = 0.55, ಆಗ 1 ಹೇಳಿ. ಐದು ಜನ ಆದರೆ 0.30ಕ್ಕಿಂತ ಸ್ವಲ್ಪ ಕಡಿಮೆ, ಯೋಚನೆಯೇ ಬೇಡ, 0.

ತುರುಪು ಬಂದಿದ್ದರೆ ಯಾವ ಜಾಗದಲ್ಲಿ ಕೂತಿದ್ದೀರಿ ಅನ್ನೋದು ಮುಖ್ಯ ಅಲ್ಲ, ಅದಕ್ಕಿಂತ ದೊಡ್ಡ ತುರುಪು ಬೇರೆಯವರಿಗೆ ಬಂದಿರಬಾರದು ಅಷ್ಟೇ. 4 ಜನರಲ್ಲಿ ತುರುಪಿನ 2 ಗೆಲ್ಲುವುದು ಶೇ. 44, 3 ಗೆಲ್ಲುವುದು ಶೇ. 47, 4 ಗೆಲ್ಲುವುದು ಶೇ. 51. ಹಾಗಾಗಿ ತುರುಪಿನ 4 ಮತ್ತು ಮೇಲಿನದಕ್ಕೆ 1, ಕೆಳಗಿನದಕ್ಕೆ 0. ಐದು ಜನ ಇದ್ದರೆ ಗೆರೆ 7ಕ್ಕೆ ಏರುತ್ತೆ (7ಕ್ಕೆ ಶೇ. 54, 6ಕ್ಕೆ ಶೇ. 49). ಇದು ಬೇರೆಯವರ ಬಿಡ್ ಕೇಳುವ ಮೊದಲಿನ ಲೆಕ್ಕ. ನಿಮ್ಮ ಹಿಂದೆ ಇಬ್ಬರು ಆಗಲೇ 1 ಹೇಳಿದ್ದರೆ ನಿಮ್ಮ ತುರುಪಿನ 5ರ ಬೆಲೆ ಬಿದ್ದುಹೋಯಿತು.

ಮೊದಲು ಇಳಿಸುವವರಲ್ಲದವರಿಗೆ ತುರುಪಲ್ಲದ ಎಲೆ ಬಂದಿದ್ದರೆ, ಎಕ್ಕವೇ ಆಗಿರಲಿ, 0. ಆ ಜಾತಿಯೇ ಇಳಿದು, ತುರುಪೂ ಬೀಳದೆ ಇದ್ದರೆ ಮಾತ್ರ ಅದಕ್ಕೆ ಹ್ಯಾಂಡ್.

ಎಲೆ_ಎಣಿಸುವವಳು
ಮೇಷ್ಟ್ರ ಶೇಕಡಾವಾರು ಸರಿ, ಆದರೆ ಹೊಸಬರಿಗೆ ಒಂದು ಕೈ ಬಿಡಿಸಿ ತೋರಿಸಿದರೆ ಹೆಚ್ಚು ಉಪಯೋಗ. 7 ಎಲೆ, 4 ಜನ, ಇಸ್ಪೀಟು ತುರುಪು. ಬಂದಿರೋದು: ಇಸ್ಪೀಟು ರಾಜ, ಇಸ್ಪೀಟು 4, ಹಾರ್ಟ್ ಎಕ್ಕ, ಹಾರ್ಟ್ 9, ಡೈಮಂಡ್ ರಾಣಿ, ಡೈಮಂಡ್ 3, ಕ್ಲಾವರ್ 6.

ಗಿರಿಯವರ ಸೂತ್ರದಲ್ಲಿ ಇಸ್ಪೀಟು ರಾಜ 1, ಸಣ್ಣ ತುರುಪು ಅರ್ಧ, ಹಾರ್ಟ್ ಎಕ್ಕ 1, ರಾಣಿ ಕಾಲು. ಒಟ್ಟು 2.75, ಅಂದರೆ 3 ಹೇಳಬೇಕು. ನಾನಾದರೆ 2 ಹೇಳುತ್ತೇನೆ. ಹೇಗೆ ಅಂದರೆ:

ನನಗೆ ಕಾಣದ 45 ಎಲೆಗಳಲ್ಲಿ 11 ತುರುಪು. ಎದುರಾಳಿಗಳ ಹತ್ತಿರ 21 ಎಲೆ ಇರೋದರಿಂದ ಅವರ ಪಾಲಿಗೆ ಸುಮಾರು 5 ತುರುಪು. ಇಸ್ಪೀಟು ಎಕ್ಕ ಹೊರಗಡೆ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇದ್ದರೂ ರಾಜನ ಜೊತೆ 4 ಇದೆ, ಎಕ್ಕ ಇಳಿದಾಗ 4 ಹಾಕಿ ರಾಜನನ್ನು ಉಳಿಸಿಕೊಳ್ಳಬಹುದು. ರಾಜ ಬಹುತೇಕ ಒಂದು ಹ್ಯಾಂಡ್. ಹಾರ್ಟ್ ಎಕ್ಕ: ಮೂವರಲ್ಲಿ ಒಬ್ಬರಿಗಾದರೂ ಹಾರ್ಟ್ ಖಾಲಿ ಇರುವುದು ಮೂರರಲ್ಲಿ ಒಂದು ಸಲ, ಅವರೂ ಪ್ರತಿ ಸಲ ತುರುಪು ಹೊಡೆಯಲ್ಲ. ಮುಕ್ಕಾಲು ಅನ್ನಿ. ಇಸ್ಪೀಟು 4ರ ಕೆಲಸ ಎರಡು: ರಾಜನನ್ನು ಕಾಯೋದು, ಅಥವಾ ಕ್ಲಾವರ್ ಖಾಲಿಯಾದ ಮೇಲೆ ಹೊಡೆಯೋದು. ಎರಡೂ ಒಟ್ಟಿಗೆ ಆಗಲ್ಲ, ಆದ್ದರಿಂದ ಅದಕ್ಕೆ ಪೂರ್ತಿ ಅರ್ಧ ಕೊಡುವಂತಿಲ್ಲ. ಸೂತ್ರ ಎಡವೋದು ಇಲ್ಲೇ, ಒಂದೇ ಎಲೆಯನ್ನು ಎರಡು ಕೆಲಸಕ್ಕೆ ಎಣಿಸಿಬಿಡುತ್ತೆ.

ಈಗ ಗಮನಿಸಿ, 2 ಖಚಿತ ಮಾಡಿಕೊಂಡ ಮೇಲೆ ಬಾಲ ಕತ್ತರಿಸಬಹುದಾ, ಅಂದರೆ ಹೆಚ್ಚಿನ ಹ್ಯಾಂಡ್ ಬರದಂತೆ ತಪ್ಪಿಸಿಕೊಳ್ಳಬಹುದಾ ಅಂತ ನೋಡಬೇಕು. ಡೈಮಂಡ್ ರಾಣಿಯನ್ನು ಬೇರೆಯವರ ಎಕ್ಕ ರಾಜನ ಕೆಳಗೆ ತಳ್ಳಬಹುದು, ಇಲ್ಲವೇ ಕ್ಲಾವರ್ ಬಿದ್ದಾಗ ಬಿಸಾಕಬಹುದು. ಹಾರ್ಟ್ 9ನ್ನೂ ಹಾಗೇ. ಅಂದರೆ 2 ಹೇಳಿದರೆ ಏರಿಸೋಕೂ ಇಳಿಸೋಕೂ ಎಲೆ ಇದೆ. 3 ಹೇಳಿದರೆ ರಾಣಿ ಅಥವಾ 4 ಗೆಲ್ಲಲೇಬೇಕು, ತಪ್ಪಿಸಿಕೊಳ್ಳೋ ದಾರಿ ಇಲ್ಲ. ಸರಾಸರಿ ಎಷ್ಟು ಬರುತ್ತೆ ಅಂತ ಕೇಳಿಕೊಂಡರೆ ಸಾಲದು, ಯಾವ ಸಂಖ್ಯೆಗೆ ಸರಿಯಾಗಿ ತಂದು ನಿಲ್ಲಿಸಬಲ್ಲೆ ಅಂತ ಕೇಳಿಕೊಳ್ಳಿ. 10 ಜೊತೆಗೆ ಬಿಡ್ ಅನ್ನೋ ಪದ್ಧತಿಯಲ್ಲಿ 2ಕ್ಕೆ 12, 3ಕ್ಕೆ 13. ಒಂದು ಅಂಕದ ಆಸೆಗೆ 12 ಕಳೆದುಕೊಳ್ಳಬೇಡಿ.

ಹೊಸಎಲೆ
ಮೇಡಂ, ಇಲ್ಲಿ ಮೊದಲು ಇಳಿಸೋ ಸರದಿ ನನ್ನದಾದರೆ ಯಾವ ಎಲೆ?

ಎಲೆ_ಎಣಿಸುವವಳು
ಕ್ಲಾವರ್ 6. ಹ್ಯಾಂಡ್ ಬೇರೆಯವರಿಗೆ ಹೋಗುತ್ತೆ, ನಿಮಗೆ ಕ್ಲಾವರ್ ಖಾಲಿಯಾಗುತ್ತೆ. ಮುಂದೆ ಕ್ಲಾವರ್ ಬಿದ್ದಾಗ 4ರಿಂದ ಹೊಡೆಯಬೇಕೋ, ರಾಣಿಯನ್ನು ಕಳಚಬೇಕೋ ಅನ್ನೋ ಆಯ್ಕೆ ನಿಮ್ಮದು. ಹಾರ್ಟ್ ಎಕ್ಕವನ್ನು ತೀರಾ ತಡ ಮಾಡಬೇಡಿ, ಪ್ರತಿ ಹ್ಯಾಂಡ್ ದಾಟಿದಂತೆ ಯಾರಾದರೊಬ್ಬರಿಗೆ ಹಾರ್ಟ್ ಖಾಲಿಯಾಗುತ್ತಾ ಹೋಗುತ್ತೆ.

ಕೊನೆ_ಕೈ
ಎಲ್ಲರೂ ಬಿಡ್ ಬಗ್ಗೆಯೇ ಹೇಳುತ್ತಿದ್ದೀರಿ. ಹೊಸಎಲೆಯವರಿಗೆ "ಯಾವಾಗಲೂ ಒಂದು ಜಾಸ್ತಿ" ಬರೋದಕ್ಕೆ ಕಾರಣ ಬಿಡ್ ಅಲ್ಲದೆಯೂ ಇರಬಹುದು. ಬಿಡ್ ಮುಗಿದ ತಕ್ಷಣ ಒಟ್ಟು ಎಷ್ಟಾಯಿತು ನೋಡುತ್ತೀರಾ? ಅಂಕ ಬರೆಯುವವರು ಮೊದಲ ಎಲೆ ಇಳಿಯುವ ಮುಂಚೆ ಗಟ್ಟಿಯಾಗಿ ಹೇಳಬೇಕು, "7ಕ್ಕೆ 8" ಅಥವಾ "7ಕ್ಕೆ 5" ಅಂತ. ಆಟದ ದಾರಿ ಅಲ್ಲೇ ಬೇರೆಯಾಗುತ್ತೆ.

7ಕ್ಕೆ 8 ಅಂದರೆ ಹ್ಯಾಂಡ್‌ಗಳಿಗೆ ಬರ. ಎಲ್ಲರೂ ಕಿತ್ತುಕೊಳ್ಳೋಕೆ ನೋಡುತ್ತಾರೆ, ನಿಮ್ಮ ಎಕ್ಕಕ್ಕೆ ತುರುಪು ಬೀಳುತ್ತೆ. ಇಂಥ ಸುತ್ತಿನಲ್ಲಿ ಬದಿ ಜಾತಿಯ (ತುರುಪಲ್ಲದ ಜಾತಿಯ) ದೊಡ್ಡ ಎಲೆಗಳನ್ನು ಬೇಗ ಇಳಿಸಿ ಹ್ಯಾಂಡ್ ಎತ್ತಿಟ್ಟುಕೊಳ್ಳಿ. ಸೊನ್ನೆ ಹೇಳಿದವರಿಗೆ ಇದು ಹಬ್ಬ.

7ಕ್ಕೆ 5 ಅಂದರೆ ಎರಡು ಹ್ಯಾಂಡ್ ಯಾರಿಗೂ ಬೇಡ, ಆದರೆ ಯಾರ ತಲೆಗಾದರೂ ಕಟ್ಟಲೇಬೇಕು. ಈಗ ಅಪಾಯ 8, 9, 10ರಂಥ ನಡುವಿನ ಎಲೆಗಳದು. ಎಲ್ಲರೂ 2, 3, 5 ಹಾಕಿ ಜಾರಿಕೊಂಡಾಗ ನಿಮ್ಮ 8ಕ್ಕೆ ಹ್ಯಾಂಡ್ ಬಂದು ಬೀಳುತ್ತೆ. ಹೊಸಬರು ತಮ್ಮ ಪಾಲಿನ ಹ್ಯಾಂಡ್‌ಗಳನ್ನು ಮೊದಲೇ ಎತ್ತಿಟ್ಟು, ನಡುವಿನ ಎಲೆಗಳನ್ನು ಕೊನೆಗೆ ಉಳಿಸಿಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ. ನಡುವಿನ ಎಲೆಗಳನ್ನು ಮೊದಲು ಕಳಚಿ, ಇನ್ನೂ ಹ್ಯಾಂಡ್ ಬೇಕಾದವರು ಇರುವಾಗಲೇ. ಅವರು ಅದನ್ನು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಅವರ ಲೆಕ್ಕ ತುಂಬಿದ ಮೇಲೆ ಯಾರೂ ಮುಟ್ಟಲ್ಲ.

ಹಾಗೇ ಕೊನೆಗೊಂದು 2 ಅಥವಾ 3 ಉಳಿಸಿಕೊಳ್ಳಿ. ಹ್ಯಾಂಡ್ ಎತ್ತಿದವರೇ ಮುಂದಿನ ಎಲೆ ಇಳಿಸಬೇಕಲ್ಲ, ಆಗ ಸರದಿಯನ್ನು ಬೇರೆಯವರಿಗೆ ದಾಟಿಸೋಕೆ ಸಣ್ಣ ಎಲೆ ಬೇಕು.

ರಾಣಿ_ಜೇಬಲ್ಲಿ
ಸೊನ್ನೆ ಬಿಡ್ ಬಗ್ಗೆ ಒಂದು ಮಾತು. ದೊಡ್ಡ ಎಲೆ ಇಲ್ಲ ಅಂದ ಮಾತ್ರಕ್ಕೆ ಸೊನ್ನೆ ಅಲ್ಲ. ಪ್ರತಿ ಜಾತಿಯಲ್ಲೂ ಅತಿ ಸಣ್ಣ ಎಲೆ ಯಾವುದು ಅಂತ ನೋಡಿ. ಕ್ಲಾವರ್‌ನಲ್ಲಿ 2, 5, ಗುಲಾಮ ಇದ್ದರೆ ಗಾಬರಿ ಬೇಡ, ಎರಡು ಸಲ ಕೆಳಗೆ ಜಾರಬಹುದು. ಅದೇ 8, 9 ಎರಡೇ ಇದ್ದರೆ ಅಪಾಯ. ಒಂಟಿ ರಾಜ ಇದ್ದರೆ ಹೆದರೋದು ಸಹಜ, ಆದರೆ ಬೇರೆ ಜಾತಿ ಖಾಲಿ ಇದ್ದರೆ ಅವನನ್ನು ಬಿಸಾಕೋಕೆ ಜಾಗ ಸಿಗುತ್ತೆ. ತುರುಪಿನ 2 ಅಥವಾ 3 ಸೊನ್ನೆಗೆ ತೊಂದರೆ ಅಲ್ಲ, ತುರುಪೇ ಇಳಿದಾಗ ಅದು ಮೊದಲು ಹೋಗುತ್ತೆ. ಒಂಟಿ ತುರುಪು 9 ಇದ್ದು 4 ಎಲೆ ಸುತ್ತು ಅಂದರೆ ಸೊನ್ನೆ ಹೇಳಲೇಬೇಡಿ.

ಗುಲಾಮ_ಗಿರಿ
ಜಾತಿ ಇಲ್ಲದಿದ್ದರೆ ತುರುಪು ಹೊಡೆಯಲೇಬೇಕಲ್ವಾ? ಹಾಗಿದ್ದರೆ ತುರುಪಿನ 2 ಕೂಡ ಸೊನ್ನೆಗೆ ಕಂಟಕವೇ.

ರಾಣಿ_ಜೇಬಲ್ಲಿ
ಇಲ್ಲ. ಸಾಮಾನ್ಯ ನಿಯಮದಲ್ಲಿ ಇಳಿದ ಜಾತಿ ಇದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಯಾವ ಎಲೆ ಬೇಕಾದರೂ. ಹೊಡೆಯೋದು ಕಡ್ಡಾಯ ಅಂತಲೂ ಕೆಲವರು ಆಡುತ್ತಾರೆ. ಆಗ ಸೊನ್ನೆ ಬಿಡ್ ತುಂಬ ಕಷ್ಟ, ಈ ಚರ್ಚೆಯ ಅರ್ಧ ಸಲಹೆ ತಲೆಕೆಳಗು. ಎಲೆ ಹಂಚುವ ಮೊದಲೇ ಇದೊಂದನ್ನು ತೀರ್ಮಾನಿಸಿಕೊಳ್ಳಿ.

ಹೊಸಎಲೆ
ನಾವು ಕಡ್ಡಾಯ ಇಲ್ಲದೆ ಆಡೋದು. ಹಂಚುವ ಸರದಿ ನನ್ನದಾದಾಗ, ಅಂದರೆ ಕೊನೆಯ ಬಿಡ್ ನನ್ನದಾದಾಗ ಏನು ಮಾಡಲಿ? ನನಗೆ 2 ಬೇಕು, ಆದರೆ ಒಟ್ಟು ಸಮ ಆಗುತ್ತೆ ಅಂತ 2 ಹೇಳೋ ಹಾಗಿಲ್ಲ. 1 ಹೇಳಬೇಕೋ 3 ಹೇಳಬೇಕೋ?

ಕೊನೆ_ಕೈ
ನೀವು 1 ಹೇಳಿದರೆ ಒಟ್ಟು ಒಂದು ಕಡಿಮೆ, ಅಂದರೆ ಒಂದು ಹ್ಯಾಂಡ್ ಅನಾಥ. 3 ಹೇಳಿದರೆ ಒಂದು ಹ್ಯಾಂಡ್‌ಗೆ ಇಬ್ಬರು ಕಿತ್ತಾಡಬೇಕು. ಯಾವ ವಾತಾವರಣ ನಿಮ್ಮ ಎಲೆಗೆ ಒಗ್ಗುತ್ತೆ ನೋಡಿ. ಒಂದು ಜಾತಿ ಖಾಲಿ ಇದ್ದು ಕೈಯಲ್ಲಿ ಎರಡು ಮೂರು ತುರುಪು ಇದ್ದರೆ 3 ಹೇಳಿ, ಹ್ಯಾಂಡ್ ಹುಟ್ಟಿಸೋ ಶಕ್ತಿ ತುರುಪಿಗಿದೆ. ಸಣ್ಣ ಎಲೆಗಳು ಜಾಸ್ತಿ ಇದ್ದು, ಆ ಎರಡನೇ ಹ್ಯಾಂಡ್ ಬದಿ ಜಾತಿಯ ರಾಜನಿಂದ ಬರಬೇಕಿದ್ದರೆ 1 ಹೇಳಿ, ರಾಜನನ್ನು ಎಕ್ಕದ ಕೆಳಗೋ ಬೇರೆ ಜಾತಿಯ ಮೇಲೋ ಕಳಚಬಹುದು. ಎರಡೂ ಇಲ್ಲ ಅಂದರೆ 1 ಕಡೆಗೇ ವಾಲಿ. ಇಲ್ಲದ ಹ್ಯಾಂಡ್ ಹುಟ್ಟಿಸೋದಕ್ಕಿಂತ ಬಂದ ಹ್ಯಾಂಡ್ ಬಿಟ್ಟುಕೊಡೋದು ಸಾಮಾನ್ಯವಾಗಿ ಸುಲಭ.

1 ಎಲೆ ಸುತ್ತಿನಲ್ಲಿ ಹಂಚುವವರಿಗೆ ಈ ನಿಯಮ ಕುಣಿಕೆ. ಹಿಂದಿನ ಮೂವರೂ 0 ಹೇಳಿದರೆ ನಿಮಗೆ ತುರುಪಿನ ಎಕ್ಕ ಬಂದಿದ್ದರೂ 0 ಹೇಳಬೇಕು. ಅವರಲ್ಲಿ ಒಬ್ಬರು ಮಾತ್ರ 1 ಹೇಳಿದ್ದರೆ ಕಸದ ಎಲೆ ಹಿಡಿದೂ 1 ಹೇಳಬೇಕು. ಅಲ್ಲಿ ಮಾಡೋದೇನೂ ಇಲ್ಲ, ಸುಮ್ಮನೆ ಹೇಳಿ ಮುಂದೆ ಹೋಗಿ.

ಲೆಕ್ಕದ_ಮೇಷ್ಟ್ರು
ಇದು ಬೇಡ ಅನ್ನುವವರು ಒಟ್ಟಿಗೇ ಬಿಡ್ ಮಾಡಬಹುದು. ಎಲ್ಲರೂ ಮುಷ್ಟಿ ಹಿಡಿದು ಮೂರು ಸಲ ಮೇಜು ತಟ್ಟಿ, ಒಂದೇ ಸಲಕ್ಕೆ ಬೆರಳು ತೋರಿಸೋದು. ಆಗ ಒಟ್ಟು ಸಮ ಆಗಬಾರದು ಅನ್ನೋ ನಿಯಮ ಇರಲ್ಲ, ಬೇರೆಯವರ ಬಿಡ್‌ನಿಂದ ಸಿಗುವ ಸುಳಿವೂ ಇರಲ್ಲ. ನನ್ನ ಮಟ್ಟಿಗೆ ಆಟದ ಅರ್ಧ ರುಚಿಯೂ ಹೋಗುತ್ತೆ.

ಅಂಕಪಟ್ಟಿ
ಬರೆಯುವವರಿಗೆ ನಾಲ್ಕು ಮಾತು, ಜಗಳ ಹುಟ್ಟೋದು ಇಲ್ಲೇ. ಬಿಡ್ ಹೇಳಿದ ತಕ್ಷಣ ಬರೆಯಿರಿ, ಹಾಳೆ ಎಲ್ಲರಿಗೂ ಕಾಣುವಂತಿರಲಿ. ಸರಿಬಂದವರ ಬಿಡ್ ಹಿಂದೆ 1 ಸೇರಿಸಿದರೆ ಅಂಕ ಸಿದ್ಧ: 0 ಇದ್ದರೆ 10, 3 ಇದ್ದರೆ 13. ತಪ್ಪಿದವರದಕ್ಕೆ ಅಡ್ಡಗೆರೆ. 10 ಹೇಳಿ ಸರಿಬಂದರೆ ಮಾತ್ರ ಹುಷಾರ್, 20 ಬರೆಯಬೇಕು, 110 ಅಲ್ಲ. ಎತ್ತಿದ ಹ್ಯಾಂಡ್‌ಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡಬೇಕು, ದೂರದಿಂದಲೇ ಎಣಿಸೋಕಾಗಬೇಕು. ಸುತ್ತು ಮುಗಿದಾಗ ಎಲ್ಲರ ಹ್ಯಾಂಡ್ ಕೂಡಿಸಿ, ಹಂಚಿದ ಎಲೆಗಳ ಸಂಖ್ಯೆಗೆ ಸಮ ಬರದಿದ್ದರೆ ಎಲ್ಲೋ ತಪ್ಪಿದೆ.

ಜಾತಿ ಇದ್ದೂ ಬೇರೆ ಎಲೆ ಹಾಕಿದ್ದು ಸಿಕ್ಕಿಬಿದ್ದರೆ? ಆ ಹ್ಯಾಂಡ್ ಇನ್ನೂ ಮೇಜಿನ ಮೇಲಿದ್ದರೆ ಎಲೆ ವಾಪಸ್ ತೆಗೆದು ಸರಿಯಾದದ್ದು ಹಾಕಿಸಿ. ಮುಂದಿನ ಎಲೆ ಇಳಿದುಹೋಗಿದ್ದರೆ ಸುತ್ತು ರದ್ದು ಮಾಡಿ, ತಪ್ಪಿದವರಿಗೆ 10 ಕಳೆದು, ಅಷ್ಟೇ ಎಲೆ ಮತ್ತೆ ಹಂಚೋದು ಒಳ್ಳೆಯದು. ಬೇರೆ ಆಟಗಳಂತೆ ಎದುರಾಳಿಗೆ ಒಂದು ಹ್ಯಾಂಡ್ ಕೊಟ್ಟು ಸರಿಮಾಡೋಕಾಗಲ್ಲ, ಇಲ್ಲಿ ಒಂದು ಹ್ಯಾಂಡ್ ಕೊಡೋದೂ ಶಿಕ್ಷೆಯಾಗಬಹುದು.

ಜನ ಹೆಚ್ಚಾದರೆ: 5 ಜನಕ್ಕೆ ಗರಿಷ್ಠ 10 ಎಲೆ, 6 ಜನಕ್ಕೆ 8, 7 ಜನಕ್ಕೆ 7.

ಗುಲಾಮ_ಗಿರಿ
ತಪ್ಪಿದರೂ ಬಂದ ಹ್ಯಾಂಡ್‌ಗೆ ಒಂದೊಂದು ಅಂಕ ಕೊಡೋ ಪದ್ಧತಿಯೂ ಇದೆಯಲ್ಲ?

ಅಂಕಪಟ್ಟಿ
ಇದೆ. ಆದರೆ ಅದರಲ್ಲಿ ಬಿಡ್ ಕೆಟ್ಟವರು ಸಿಕ್ಕಿದ್ದೆಲ್ಲ ಬಾಚಿಕೊಳ್ಳೋಕೆ ಶುರುಮಾಡುತ್ತಾರೆ, ಉಳಿದವರದೂ ಕೆಡುತ್ತೆ. ಕಲಿಯುವವರಿಗೆ ತಪ್ಪಿದರೆ ಸೊನ್ನೆ ಅನ್ನೋದೇ ವಾಸಿ.

ಹೊಸಎಲೆ
ಮೂರೇ ಜನ ಸಿಕ್ಕಾಗ ಇದೇ ಆಟ ಆಡಬಹುದಾ, ಬೇರೆ ಏನಾದರೂ ಇದೆಯಾ?

ಲೆಕ್ಕದ_ಮೇಷ್ಟ್ರು
ಆಡಬಹುದು. ಆದರೆ ಮೂವರಿಗೆಂದೇ ಮಾಡಿದ ಆಟ ನೈಂಟಿ ನೈನ್, ಡೇವಿಡ್ ಪಾರ್ಲೆಟ್ 1967ರಲ್ಲಿ ರೂಪಿಸಿದ್ದು. 6ರಿಂದ ಎಕ್ಕದವರೆಗಿನ 36 ಎಲೆ, ತಲೆಗೆ 12. ಅದರಲ್ಲಿ 3 ಎಲೆ ಕೆಳಮುಖ ಮಾಡಿ ಇಡಬೇಕು, ಅದೇ ಬಿಡ್: ಕ್ಲಾವರ್‌ಗೆ 3, ಹಾರ್ಟ್‌ಗೆ 2, ಇಸ್ಪೀಟಿಗೆ 1, ಡೈಮಂಡ್‌ಗೆ 0. ಒಂದು ಕ್ಲಾವರ್ ಎರಡು ಡೈಮಂಡ್ ಇಟ್ಟರೆ 3 ಹ್ಯಾಂಡ್ ಅಂತ. ಉಳಿದ 9 ಎಲೆಯಲ್ಲಿ ಆಟ. ಬಿಡ್‌ಗೆ ಇಟ್ಟ ಎಲೆ ಆಟಕ್ಕೆ ಸಿಗಲ್ಲ, ಆದ್ದರಿಂದ ಬಿಡ್ ಬದಲಿಸಿದರೆ ಕೈಯೂ ಬದಲಾಗುತ್ತೆ. ಪ್ರತಿ ಹ್ಯಾಂಡ್‌ಗೆ 1 ಅಂಕ. ಮೇಲಿಂದ ಒಬ್ಬರೇ ಸರಿಬಂದರೆ 30, ಇಬ್ಬರು ಸರಿಬಂದರೆ ತಲಾ 20, ಮೂವರೂ ಬಂದರೆ ತಲಾ 10.

ವಿಜರ್ಡ್ ಅಂತ ಇನ್ನೊಂದಿದೆ, 1984ರಲ್ಲಿ ಕೆನಡಾದ ಕೆನ್ ಫಿಷರ್ ಮಾಡಿದ್ದು. 52ರ ಜೊತೆ 8 ವಿಶೇಷ ಎಲೆ, 4 ಯಾವಾಗಲೂ ಗೆಲ್ಲೋದು, 4 ಸೋಲೋದು. ಸರಿಬಂದರೆ 20 ಜೊತೆಗೆ ಹ್ಯಾಂಡ್‌ಗೆ 10, ತಪ್ಪಿದರೆ ಎಷ್ಟು ಹ್ಯಾಂಡ್ ವ್ಯತ್ಯಾಸವೋ ಅಷ್ಟು ಸಲ 10 ಕಳೆಯಬೇಕು. ಅಲ್ಲಿ ದೊಡ್ಡ ಬಿಡ್‌ಗೆ ನಿಜವಾದ ಲಾಭ ಇದೆ, ಜಡ್ಜ್‌ಮೆಂಟ್‌ನಲ್ಲಿ ಅಷ್ಟಿಲ್ಲ.

ಹೊಸಎಲೆ
ಕೊನೆಯದಾಗಿ, ಬಿದ್ದ ಎಲೆಗಳನ್ನೆಲ್ಲ ನೆನಪಿಡಬೇಕಾ? 40 ಎಲೆ ನೆನಪಿಡೋದು ಆಗೋ ಕೆಲಸ ಅಲ್ಲ.

ಎಲೆ_ಎಣಿಸುವವಳು
ಬೇಡ. ಮೂರು ವಿಷಯ ಸಾಕು: ಎಷ್ಟು ತುರುಪು ಬಿದ್ದವು, ನಿಮ್ಮ ಹತ್ತಿರ ಇರುವ ದೊಡ್ಡ ಎಲೆಗಿಂತ ಮೇಲಿನದು ಬಿತ್ತಾ ಇಲ್ಲವಾ, ಯಾರಿಗೆ ಯಾವ ಜಾತಿ ಖಾಲಿ. ಮೂರನೆಯದನ್ನೇ ಜನ ಮರೆಯೋದು. ಎದುರಿನವರು ಹಾರ್ಟ್‌ಗೆ ಡೈಮಂಡ್ ಬಿಸಾಕಿದರೆ ಅವರಿಗೆ ಹಾರ್ಟ್ ಇಲ್ಲ, ಜೊತೆಗೆ ಅವರಿಗೆ ಹ್ಯಾಂಡ್ ಬೇಡ ಅಥವಾ ತುರುಪು ಇಲ್ಲ. ಅವರ ಬಿಡ್ ಇನ್ನೂ ತುಂಬಿಲ್ಲ ಅಂದರೆ ಎರಡನೆಯದೇ ಹೆಚ್ಚು ಸಂಭವ. ಹಾಗಿದ್ದಾಗ ಕಾದಿಟ್ಟ ನಿಮ್ಮ ಹಾರ್ಟ್ ರಾಣಿಯನ್ನು ಅವರ ಕಡೆಯ ಭಯವಿಲ್ಲದೆ ಇಳಿಸಬಹುದು, ಉಳಿದ ಇಬ್ಬರನ್ನು ನೋಡಿಕೊಂಡರೆ ಸಾಕು.